ಸಭಾಮಂದಿರವೂ ಸಭಾಧರ್ಮವೂ



ಸಭೆಯೆಂಬ ಮಾತಿಗೆ ಎರಡು ಅರ್ಥಗಳುಂಟು. ಕೂಡಿದ ಜನರೂ ಸಭೆಯೇ. ಅವರು ಕೂಡುವ ಮನೆಯೂ ಸಭೆಯೇ. ಹಿರಿಯರು ಈ ಎರಡಕ್ಕೂ ಒಂದೇ ಹೆಸರನ್ನಿಟ್ಟುದರಲ್ಲಿ ಔಚಿತ್ಯವಿರುವುದು. ಜನರಿಲ್ಲದ ಮನೆ ಬರಿಯ ಕಲ್ಲುಗಾರೆ. ನೆಲೆಯಿಲ್ಲದ ಜನ ಬರಿಯ ಸಂದಣಿ. ಮಹಾಭಾರತದ ಸಭಾಪರ್ವದಲ್ಲಿ ಮಯನು ಕಟ್ಟಿದ ಸಭೆಯ ವೈಭವವನ್ನು ಕೇಳದವರು ವಿರಳ. ಆದರೆ ಅದೇ ಪರ್ವದಲ್ಲಿಯೇ, ಹಸ್ತಿನಾವತಿಯ ಸಭೆಯಲ್ಲಿ, ದ್ರೌಪದಿಯು ಕೇಳಿದ ಒಂದು ಪ್ರಶ್ನೆಗೆ ಅಲ್ಲಿ ಕುಳಿತ ಹಿರಿಯರು ನೇರವಾದ ಉತ್ತರವನ್ನು ಕೊಡಲಾರದೆ ತಲೆ ತಗ್ಗಿಸಿದರೆಂಬುದೂ ಪ್ರಸಿದ್ಧವಾಗಿದೆ. ಆ ಸಭೆಗೆ ಕಂಬಗಳ ಕೊರತೆಯಿರಲಿಲ್ಲ, ಪಂಡಿತರ ಕೊರತೆಯಿರಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಹೇಳುವ ಧೈರ್ಯದ ಕೊರತೆಯೊಂದೇ ಇದ್ದಿತು. ಸಭಾಮಂದಿರಗಳ ಬೆಲೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದಕ್ಕೆ ಈ ಪುರಾತನ ಕಥೆಗಿಂತ ಮಿಗಿಲಾದ ಸೂಚನೆ ಬೇಕಾಗಿಲ್ಲ.

ಈ ಕಾಲದಲ್ಲಿ ಶಾಸನಸಭೆಗಳು ಕೂಡುವ ಭವ್ಯ ಮಂದಿರಗಳನ್ನು ಕುರಿತು ವಿಚಾರ ಮಾಡುವಾಗಲೂ ಇದೇ ಅಳತೆಗೋಲನ್ನು ಹಿಡಿಯುವುದು ಯುಕ್ತವಾಗಿದೆ. ಗೋಪುರದ ಎತ್ತರವೆಷ್ಟು, ವೆಚ್ಚವೆಷ್ಟು ಎಂಬವು ಎರಡನೆಯ ಪ್ರಶ್ನೆಗಳು. ದೂರದ ಒಂದು ಹಳ್ಳಿಯಲ್ಲಿ ಹುಟ್ಟಿದ ಮಾತು ಆ ಮಂದಿರವನ್ನು ಮುಟ್ಟಿತೇ, ಮುಟ್ಟಿದ ಮಾತಿಗೆ ಅಲ್ಲಿ ಉತ್ತರ ದೊರೆಯಿತೇ ಎಂಬುದೇ ಮೊದಲನೆಯದು. ಆದುದರಿಂದ ರಾಜಧಾನಿಯ ಕಡೆಯಿಂದ ಹೊರಡದೆ, ಒಂದು ಹಳ್ಳಿಯ ಕಡೆಯಿಂದಲೇ ಈ ವಿಷಯವನ್ನು ನೋಡಬಹುದು. ಅದಕ್ಕೆ ತುಳುನಾಡಿನ ಶಿರ್ವ ಗ್ರಾಮವು ತಕ್ಕ ನಿದರ್ಶನವಾಗಿದೆ.

ಶಿರ್ವವು ಉಡುಪಿ ಜಿಲ್ಲೆಯ ಕಾಪು ತಾಲೂಕಿನಲ್ಲಿ, ಕಟಪಾಡಿಯಿಂದ ಬೆಳ್ಮಣ್ಣಿನ ಕಡೆಗೆ ಹೋಗುವ ಹಾದಿಯಲ್ಲಿರುವ ಊರು. ಈ ಸೀಮೆಯ ಗುತ್ತಿನ ಮನೆಗಳಲ್ಲಿ ಚಾವಡಿಯೆಂಬ ಒಂದು ಭಾಗವುಂಟು. ಕೆತ್ತನೆಯ ಮರದ ಕಂಬಗಳ ಆ ತಂಪಾದ ಸ್ಥಳದಲ್ಲಿ ಹಿರಿಯರು ಕುಳಿತು ಗಡಿಯ ವ್ಯಾಜ್ಯ, ನೀರಿನ ಹಂಚಿಕೆ, ಮನೆತನಗಳ ಮನಸ್ತಾಪ, ದೈವದ ನೇಮದ ವ್ಯವಸ್ಥೆ ಮೊದಲಾದವುಗಳನ್ನು ತೀರ್ಮಾನಿಸುತ್ತಿದ್ದರು. ಚಾವಡಿಗೆ ಒಂದು ದೊಡ್ಡ ಗುಣವಿದ್ದಿತು: ಮಾತು ಹುಟ್ಟಿದ ಅಂಗಳದಿಂದ ತೀರ್ಮಾನದ ಜಗಲಿಗೆ ಹತ್ತು ಹೆಜ್ಜೆಯ ದೂರ ಮಾತ್ರ. ಒಂದು ದೊಡ್ಡ ದೋಷವೂ ಇದ್ದಿತು: ಜಗಲಿಯ ಮೇಲೆ ಕುಳಿತುಕೊಳ್ಳುವವರು ಯಾರು, ಅಂಗಳದಲ್ಲಿ ನಿಲ್ಲುವವರು ಯಾರು ಎಂಬುದು ಹುಟ್ಟಿನಿಂದಲೇ ನಿಶ್ಚಯವಾಗಿರುತ್ತಿದ್ದಿತು. ಉತ್ತಮವಾದ ಶಾಸನಸಭೆಯೆಂದರೆ ಆ ದೋಷವನ್ನು ಕಳೆದು ಆ ಗುಣವನ್ನು ಉಳಿಸಿಕೊಂಡದ್ದು ಎಂದು ಸ್ಥೂಲವಾಗಿ ಹೇಳಬಹುದು. ದೋಷವನ್ನು ಕಳೆಯುವುದಕ್ಕೆ ಮತದಾನದ ಹಕ್ಕು ಬಂದಿತು. ಆದರೆ ಆ ಹತ್ತು ಹೆಜ್ಜೆಯ ದೂರವು ನೂರಾರು ಮೈಲಿಗಳಾಗಿ ಬೆಳೆಯಿತು.

ಆ ದೂರದ ಮೊದಲ ಕಥೆ ಮದರಾಸಿನದು. 1956ನೆಯ ಇಸವಿ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸಿನ ಆಡಳಿತಕ್ಕೆ ಸೇರಿತ್ತು. ಘಟ್ಟವನ್ನು ಹತ್ತಿ ಇಳಿದು, ಭರತಖಂಡದ ಪಡುಗಡಲಿನಿಂದ ಮೂಡುಗಡಲಿನವರೆಗೆ ಪಯಣಿಸಿ, ಈ ಸೀಮೆಯ ಪ್ರತಿನಿಧಿಗಳು ಆ ಶಾಸನಸಭೆಯನ್ನು ಸೇರಬೇಕಾಗಿದ್ದಿತು. ಆ ಸಭೆಗಾದರೋ ಬಹುಕಾಲ ಸ್ಥಿರವಾದ ಮನೆಯೇ ಇರಲಿಲ್ಲ. 1921ರಿಂದ ಸೇಂಟ್ ಜಾರ್ಜ್ ಕೋಟೆಯ ಸಭಾಂಗಣದಲ್ಲಿ ಕೂಡುತ್ತಿದ್ದುದು, 1937ರಲ್ಲಿ ಚೇಪಾಕದಲ್ಲಿರುವ ವಿಶ್ವವಿದ್ಯಾನಿಲಯದ ಸೆನೆಟ್ ಭವನಕ್ಕೆ ಹೋಯಿತು. 1938ರಲ್ಲಿ ಮೌಂಟ್ ರೋಡಿನ ಸರಕಾರಿ ತೋಟದ ಔತಣದ ಮಂದಿರಕ್ಕೆ ಬಂದಿತು; ರಾಜಾಜಿ ಹಾಲ್ ಎಂದು ತರುವಾಯ ಹೆಸರಾದುದು ಅದೇ. 1946ರಲ್ಲಿ ಮರಳಿ ಕೋಟೆಯನ್ನು ಸೇರಿತು. 1952ರಲ್ಲಿ ವಯಸ್ಕ ಮತದಾನದ ಮೊದಲ ಚುನಾವಣೆಯಾಗಿ ಸದಸ್ಯರ ಸಂಖ್ಯೆ 375ಕ್ಕೆ ಏರಿದಾಗ ಕೋಟೆಯ ಅಂಗಣವು ಸಾಲದಾಗಿ, ಅದೇ ಸರಕಾರಿ ತೋಟದಲ್ಲಿ ಬೇರೊಂದು ಮಂದಿರವನ್ನು ಒದಗಿಸಬೇಕಾಯಿತು. ಆಂಧ್ರವು 1953ರಲ್ಲಿ ಬೇರೆಯಾಗಿ, 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯೂ ಆದ ಮೇಲೆ ಸದಸ್ಯರು ಕಡಮೆಯಾದರು. 1957ರಲ್ಲಿ ಸಭೆ ಪುನಃ ಕೋಟೆಗೆ ಹಿಂದಿರುಗಿತು. ಅಷ್ಟರಲ್ಲಿ ಶಿರ್ವದ ದಾರಿ ಮೈಸೂರು ರಾಜ್ಯದ ಕಡೆಗೆ ತಿರುಗಿದ್ದಿತು.

ತಮಿಳು, ತೆಲುಗು, ಮಲಯಾಳ, ಕನ್ನಡ ಈ ನಾಲ್ಕು ಭಾಷೆಗಳ ಜನರು ಒಂದೇ ಸಭೆಯಲ್ಲಿ ಕುಳಿತಾಗ ಕನ್ನಡದ ಧ್ವನಿಯು ಎಷ್ಟು ತೆಳ್ಳಗಾಗಿದ್ದಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ಇದು ಶಿರ್ವಕ್ಕೆ ಮಾತ್ರ ಸಂಬಂಧಿಸಿದ ಸಂಗತಿಯೂ ಅಲ್ಲ. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡಗಳ ಪ್ರತಿನಿಧಿಗಳು ಮುಂಬಯಿಗೆ ಹೋಗುತ್ತಿದ್ದರು. ಬೀದರ, ಕಲಬುರ್ಗಿ, ರಾಯಚೂರುಗಳವರು ಹೈದರಾಬಾದಿಗೆ. ಕೊಡಗಿಗೆ 1952ರಿಂದ 24 ಸದಸ್ಯರ ತನ್ನದೇ ಆದ ಸಣ್ಣ ವಿಧಾನಸಭೆಯಿದ್ದಿತು. ಕನ್ನಡ ಜನರ ಮಾತು ಐದು ರಾಜ್ಯಗಳ ಸಭಾಮಂದಿರಗಳಲ್ಲಿ ಹಂಚಿಹೋಗಿದ್ದಿತು.

ಹಳೆಯ ಮೈಸೂರಿನ ಕಥೆ ಬೇರೆ ಬಗೆಯದು. ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, ದಿವಾನ್ ರಂಗಾಚಾರ್ಲು ಅವರ ಪ್ರೇರಣೆಯಿಂದ, 1881ನೆಯ ಇಸವಿ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯು ಮೊದಲ ಬಾರಿಗೆ ಕೂಡಿತು. ಅದಕ್ಕೆ 144 ಮಂದಿ ಸದಸ್ಯರು. ದಸರಾ ಹಬ್ಬಕ್ಕೆ ಹೇಗೂ ನಗರಕ್ಕೆ ಬರುತ್ತಿದ್ದ ಜಮೀನುದಾರರೂ ವರ್ತಕರೂ ತಮ್ಮ ತಮ್ಮ ತಾಲೂಕುಗಳ ಕಷ್ಟಸುಖಗಳನ್ನು ದಿವಾನರ ಮುಂದೆ ಅರಿಕೆ ಮಾಡಿಕೊಳ್ಳುವುದು ಅದರ ಸ್ವರೂಪವಾಗಿದ್ದಿತು. ಆಗ ಅದಕ್ಕೆ ಕಾಯಿದೆ ಮಾಡುವ ಅಧಿಕಾರವಿರಲಿಲ್ಲ. ಆದರೂ ಆಳುವವನು ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು, ಆಳಿಸಿಕೊಳ್ಳುವವನು ಎದ್ದುನಿಂತು ಮಾತನಾಡಬಹುದು ಎಂಬ ಪದ್ಧತಿಗೆ ಅಲ್ಲಿ ಬೀಜ ಬಿದ್ದಿತು. ರಂಗಾಚಾರ್ಲು ಅವರು 1883ರಲ್ಲಿ ತೀರಿಕೊಂಡ ಮೇಲೆ ಅವರ ಸ್ಮಾರಕವಾಗಿ ಕಟ್ಟಿದ ಪುರಭವನವು ಇಂದಿಗೂ ಮೈಸೂರಿನಲ್ಲಿ ನಿಂತಿರುವುದು.

1907ರಲ್ಲಿ ಶಾಸನಗಳನ್ನು ರಚಿಸುವುದಕ್ಕೆ ನ್ಯಾಯವಿಧಾಯಕ ಸಭೆಯು ಸ್ಥಾಪಿತವಾಗಿ, ಅದರ ಮೊದಲ ಅಧಿವೇಶನವು ಅದೇ ವರ್ಷ ಜುಲೈ ತಿಂಗಳಲ್ಲಿ ಜಗನ್ಮೋಹನ ಅರಮನೆಯಲ್ಲಿ ಜರುಗಿತು. ಆ ಅರಮನೆ ತರುವಾಯ ಚಿತ್ರಶಾಲೆಯಾಯಿತು. ಬೆಂಗಳೂರಿನಲ್ಲಿ ಈ ಸಭೆಗಳು ಕೂಡುತ್ತಿದ್ದ ಅಠಾರಾ ಕಚೇರಿಯು 1868ರಲ್ಲಿ ಪೂರ್ಣವಾದ ಕೆಂಪು ಬಣ್ಣದ ಕಟ್ಟಡ. ಹದಿನೆಂಟು ಇಲಾಖೆಗಳಿಗೆ ನೆಲೆಯಾಗಿದ್ದುದರಿಂದ ಅದಕ್ಕೆ ಆ ಹೆಸರು. ಈಗ ಅದು ರಾಜ್ಯದ ಉಚ್ಚ ನ್ಯಾಯಾಲಯದ ಪೀಠಸ್ಥಾನ. ಸಭಾಮಂದಿರಗಳು ಮನುಷ್ಯರಂತೆ ಆಶ್ರಮಗಳನ್ನು ಬದಲಾಯಿಸುವುವು ಎಂಬುದಕ್ಕೆ ಇವು ಸಾಕ್ಷಿಗಳು.

ಸ್ವಾತಂತ್ರ್ಯ ಬಂದ ಬಳಿಕ ಬೆಳೆದ ಶಾಸನಸಭೆಗೆ ಹೊಸ ಮನೆ ಬೇಕಾಯಿತು. ಕೆ. ಸಿ. ರೆಡ್ಡಿಯವರು ಮುಖ್ಯಮಂತ್ರಿಗಳಾಗಿದ್ದಾಗ, 1951ನೆಯ ಇಸವಿ ಜುಲೈ 13ರಂದು, ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು ಶಂಕುಸ್ಥಾಪನೆ ಮಾಡಿದರು. ಮೊದಲ ಅಂದಾಜು ಕೆಲವು ಹತ್ತು ಲಕ್ಷಗಳದು. ಮುಂದೆ ಬಂದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಅದೇ ಯೋಜನೆಯನ್ನು ಹಿಗ್ಗಿಸಿ, ದ್ರಾವಿಡ ಶೈಲಿಯ ಕಂಬ, ಬೋದಿಗೆ, ಗೋಪುರಗಳನ್ನು ಕೂಡಿಸಿ, ವಾಸ್ತುಶಿಲ್ಪಿ ಬಿ. ಆರ್. ಮಾಣಿಕ್ಯಂ ಅವರ ಮೂಲಕ ಕಪ್ಪುಬಿಳುಪಿನ ಕಣಶಿಲೆಯಲ್ಲಿ ಇಂದಿನ ವಿಧಾನಸೌಧವನ್ನು ಎಬ್ಬಿಸಿದರು. ಅದು ಉದ್ದಕ್ಕೆ ಸುಮಾರು 700 ಅಡಿ, ಅಗಲಕ್ಕೆ ಸುಮಾರು 350 ಅಡಿ. ಸಾವಿರಾರು ಕೂಲಿಗಳು ಅಲ್ಲಿ ದುಡಿದರು. ಸೆರೆಮನೆಯ ಕೈದಿಗಳ ಶ್ರಮವೂ ಅದರಲ್ಲಿ ಬೆರೆತಿರುವುದು. ವೆಚ್ಚವು ಒಂದು ಮುಕ್ಕಾಲು ಕೋಟಿ ರೂಪಾಯಿಗಳ ಆಸುಪಾಸಿಗೆ ಏರಿದುದರಿಂದ ಆ ಕಾಲದಲ್ಲಿಯೇ ಕಟುವಾದ ಟೀಕೆ ಹುಟ್ಟಿ, ವಿಚಾರಣೆಯವರೆಗೂ ಹೋಯಿತು. 1956ರಲ್ಲಿ ಮಂದಿರವು ಪೂರ್ಣವಾಗುವ ಹೊತ್ತಿಗೆ, ಅದನ್ನು ಕಟ್ಟಿಸಿದವರು ಅಧಿಕಾರದಿಂದ ಇಳಿದಿದ್ದರು.

ಆ ಟೀಕೆಯನ್ನು ಅಸೂಯೆಯ ಮಾತೆಂದು ತಳ್ಳಿಹಾಕುವುದು ನ್ಯಾಯವಲ್ಲ. ಬಡ ನಾಡಿನ ಬೊಕ್ಕಸದ ಪ್ರತಿಯೊಂದು ಕಾಸಿಗೂ ಲೆಕ್ಕ ಕೇಳುವುದು ಪ್ರಜೆಯ ಧರ್ಮ. ಆದರೆ ಅದರೊಡನೆ ಇನ್ನೊಂದನ್ನೂ ನೆನೆಯಬೇಕು. ಅದೇ ವರ್ಷದ ನವೆಂಬರ್ 1ರಂದು ಐದು ಕಡೆ ಹಂಚಿಹೋಗಿದ್ದ ಕನ್ನಡ ಸೀಮೆಗಳು ಒಂದಾದುವು. ಡಿಸೆಂಬರ್ 19ರಂದು ವಿಶಾಲ ಮೈಸೂರಿನ ವಿಧಾನಸಭೆಯು ಈ ಹೊಸ ಮಂದಿರದಲ್ಲಿ ಕೂಡಿತು. ಮುಂಬಯಿಗೆ ಹೋಗುತ್ತಿದ್ದವರು, ಹೈದರಾಬಾದಿಗೆ ಹೋಗುತ್ತಿದ್ದವರು, ಮದರಾಸಿಗೆ ಹೋಗುತ್ತಿದ್ದವರು, ಮಡಿಕೇರಿಯವರು, ಮೈಸೂರಿನವರು ಒಂದೇ ಸೂರಿನ ಕೆಳಗೆ ಕುಳಿತು, ಒಬ್ಬರ ಕನ್ನಡವನ್ನು ಒಬ್ಬರು ಕಿವಿಗೊಟ್ಟು ಕೇಳಿದರು. ಅಣ್ಣತಮ್ಮಂದಿರು ಕೂಡಿ ಬಾಳುವುದಕ್ಕೆ ಒಂದು ಪಡಸಾಲೆ ಬೇಕು. ಕಾಸರಗೋಡಿನ ಕನ್ನಡಿಗರು ಮಾತ್ರ ಆ ಪಡಸಾಲೆಯಿಂದ ಹೊರಗುಳಿದರು. ಅವರ ಪ್ರತಿನಿಧಿಗಳ ದಾರಿ ತಿರುವನಂತಪುರದ ಕಡೆಗೆ ಹೋಯಿತು.

ವಿಧಾನಸೌಧದ ಮುಂಬಾಗಿಲ ಮೇಲೆ ಕೊರೆದಿರುವ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ವಾಕ್ಯವನ್ನು ಎಲ್ಲರೂ ಬಲ್ಲರು. ಕಾಯಕದ ತತ್ತ್ವದಲ್ಲಿ ಬೆಳೆದವರಿಗೆ ಈ ಮಾತು ಹೊಸದಾಗಿ ತೋರಲಾರದು. ಆದರೆ ಇದನ್ನು ಎರಡು ವಿಧವಾಗಿ ಓದಬಹುದು. ಕೆಲಸ ದೇವರದಾದುದರಿಂದ ಮಾಡುವವನನ್ನು ಯಾರೂ ಪ್ರಶ್ನಿಸಬಾರದೆಂದು ಓದಿದರೆ ಅದು ಅಹಂಕಾರ. ಕೆಲಸ ದೇವರದಾದುದರಿಂದ ಮಾಡುವವನು ಕಳ್ಳತನ ಮಾಡಬಾರದು, ಸೋಮಾರಿಯಾಗಬಾರದು, ಬಾಗಿಲಿಗೆ ಬಂದವನನ್ನು ಹಿಂದಟ್ಟಬಾರದು ಎಂದು ಓದಿದರೆ ಅದು ಕಾಯಕ. ಅಕ್ಷರಗಳು ಒಂದೇ, ಮೆಟ್ಟಿಲು ಹತ್ತುವವನ ಮನಸ್ಸಿಗೆ ತಕ್ಕಂತೆ ಅರ್ಥವು ಬೇರೆಯಾಗುವುದು.

ಇನ್ನು ಒಳಗಿನ ವ್ಯವಸ್ಥೆಯನ್ನು ನೋಡಬೇಕು. ವಿಧಾನಸಭೆಗೆ 224 ಸದಸ್ಯರು, ವಿಧಾನಪರಿಷತ್ತಿಗೆ 75 ಸದಸ್ಯರು. ಸಭಾಧ್ಯಕ್ಷರ ಪೀಠವು ಎತ್ತರದಲ್ಲಿರುವುದು. ಬಲಕ್ಕೆ ಆಳುವ ಪಕ್ಷ, ಎಡಕ್ಕೆ ಪ್ರತಿಪಕ್ಷ. ಸದಸ್ಯನು ಎದುರಿನವನನ್ನು ನೇರವಾಗಿ ಸಂಬೋಧಿಸದೆ ಪೀಠವನ್ನು ಉದ್ದೇಶಿಸಿ ಮಾತನಾಡಬೇಕೆಂಬುದು ನಿಯಮ. ಕೋಪದ ಮಾತು ಪೀಠದವರೆಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಸ್ವಲ್ಪ ತಣ್ಣಗಾಗಲಿ ಎಂಬುದು ಇದರ ಜಾಣತನ. ಪ್ರಶ್ನೋತ್ತರದ ಕಾಲದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಯು ಎದ್ದುನಿಂತು ಬಾಯಿಮಾತಿನಲ್ಲಿ ಉತ್ತರ ಹೇಳಬೇಕು, ಅದರ ಮೇಲೆ ಉಪಪ್ರಶ್ನೆಗಳನ್ನೂ ಎದುರಿಸಬೇಕು. ಚುಕ್ಕೆಯಿಲ್ಲದ ಪ್ರಶ್ನೆಗೆ ಬರಹದ ಉತ್ತರ. ಕಾಪು ಕ್ಷೇತ್ರದ ಒಂದು ಕಾಲುಸಂಕ, ಒಂದು ಕಡಲುಕೊರೆತದ ದಂಡೆ, ಒಂದು ಶಾಲೆಯ ಮಾಡು ಇವುಗಳ ಹೆಸರು ರಾಜ್ಯದ ನಡಾವಳಿಯ ಗ್ರಂಥದಲ್ಲಿ ಅಚ್ಚಾಗುವುದು ಈ ಮಾರ್ಗದಿಂದ. ಹಸ್ತಿನಾವತಿಯ ಸಭೆಯಲ್ಲಿ ಇಲ್ಲದೆಹೋದುದು ಇದೇ: ಕೇಳಿದ ಪ್ರಶ್ನೆಗೆ ಉತ್ತರಿಸಲೇಬೇಕೆಂಬ ಕಟ್ಟಳೆ.

ಪೀಠದ ಮುಂದೆ ತೆರವಾದ ತಗ್ಗು ಸ್ಥಳವಿರುವುದು. ಅದನ್ನು ಸದನದ ಬಾವಿಯೆನ್ನುವರು. ಊರಿನ ಬಾವಿಯಿಂದ ಎಲ್ಲರೂ ನೀರು ಸೇದಬಹುದು. ಅದರೊಳಗೆ ಇಳಿದು ಕಲಕಿದರೆ ಯಾರಿಗೂ ಕುಡಿಯಲು ನೀರು ಸಿಕ್ಕದು. ಸದನದ ಬಾವಿಯ ವಿಷಯವೂ ಹೀಗೆಯೇ. ಬೇರೆ ದಾರಿಗಳೆಲ್ಲ ಮುಚ್ಚಿದಾಗ ಪ್ರತಿಪಕ್ಷದವರು ಧರಣಿ ಕೂರುವುದು ಒಂದು ಬಗೆ. ದಿನವೂ ಅದೇ ಆಗಿ ಪ್ರಶ್ನೋತ್ತರದ ಕಾಲವೇ ಕೊಚ್ಚಿಹೋಗುವುದು ಇನ್ನೊಂದು ಬಗೆ. ಹಾಗೆ ಕೊಚ್ಚಿಹೋದ ದಿನದ ನಷ್ಟವು ಕೂಗಿದವರದೂ ಅಲ್ಲ, ಕೂಗಿಸಿಕೊಂಡವರದೂ ಅಲ್ಲ. ಪಟ್ಟಿಯಲ್ಲಿದ್ದು ಓದಿಸಿಕೊಳ್ಳದೆ ಉಳಿದ ಪ್ರಶ್ನೆಯ ಹಿಂದಿನ ಊರಿನದು.

ಇಂತಹ ಸದನವನ್ನು ತೂಗಿ ನಡೆಸುವ ಪೀಠಕ್ಕೆ ಈ ಕರಾವಳಿಯು ಯೋಗ್ಯರಾದವರನ್ನು ಕೊಟ್ಟಿದೆ. ಬಿ. ವೈಕುಂಠ ಬಾಳಿಗರು 1962ರಿಂದ 1968ರವರೆಗೆ ಮೈಸೂರು ವಿಧಾನಸಭೆಯ ಅಧ್ಯಕ್ಷರಾಗಿದ್ದರು. ಉಡುಪಿಯ ಕಾನೂನು ಮಹಾವಿದ್ಯಾಲಯವು ಅವರ ಹೆಸರನ್ನು ಹೊತ್ತಿರುವುದು. ಕಾರ್ಕಳ ತಾಲೂಕಿನ ಕೌಡೂರಿನಲ್ಲಿ ಹುಟ್ಟಿದ ಕೆ. ಎಸ್. ಹೆಗ್ಡೆಯವರು ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿದ್ದು, 1973ರಲ್ಲಿ ಹಿರಿತನವನ್ನು ಮೀರಿ ಕಿರಿಯರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ನೇಮಿಸಿದಾಗ ಆ ಪದವಿಯನ್ನು ತ್ಯಜಿಸಿ, 1977ರಿಂದ 1980ರವರೆಗೆ ಲೋಕಸಭೆಯ ಅಧ್ಯಕ್ಷಪೀಠವನ್ನು ಅಲಂಕರಿಸಿದರು. ಅವರು ಕುಳಿತಿದ್ದುದು 1927ರಲ್ಲಿ ತೆರೆದ ದಿಲ್ಲಿಯ ವೃತ್ತಾಕಾರದ ಸಂಸತ್ ಭವನದಲ್ಲಿ. 2023ರ ಮೇ 28ರಂದು ಹೊಸ ಸಂಸತ್ ಭವನವು ಉದ್ಘಾಟನೆಯಾಗಿ, ಹಳೆಯದಕ್ಕೆ ಸಂವಿಧಾನ ಸದನವೆಂದು ಹೆಸರಾಯಿತು.

ಮಂದಿರಗಳನ್ನು ಕಟ್ಟುವುದು ಸುಲಭ, ಅವುಗಳನ್ನು ಬಳಸುವುದು ಕಷ್ಟವೆಂಬುದಕ್ಕೆ ಎರಡು ಸಮೀಪದ ನಿದರ್ಶನಗಳಿವೆ. ಮೊದಲನೆಯದು ಮದರಾಸಿನದೇ, ಆ ನಗರಕ್ಕೆ ಈಗ ಚೆನ್ನೈಯೆಂದು ಹೆಸರು. ಅಲ್ಲಿ ಕೋಟೆಯನ್ನು ಬಿಟ್ಟು, ಹಿಂದೆ ಹೇಳಿದ ಸರಕಾರಿ ತೋಟದಲ್ಲಿಯೇ ಹೊಸದೊಂದು ಬೃಹತ್ ಮಂದಿರವನ್ನು ಕಟ್ಟಿ 2010ರ ಮಾರ್ಚಿಯಲ್ಲಿ ಉದ್ಘಾಟಿಸಿದರು. ಮರುವರ್ಷ ಸರಕಾರ ಬದಲಾಯಿತು. ಸಭೆಯು ಮತ್ತೆ ಕೋಟೆಗೆ ಹೋಯಿತು. ಹೊಸ ಮಂದಿರವು 2014ರಲ್ಲಿ ಆಸ್ಪತ್ರೆಯಾಯಿತು. ರೋಗಿಗಳಿಗೆ ಅದರಿಂದ ಹಿತವೇ ಆಗಿದೆ. ಆದರೆ ಶಾಸನಸಭೆಗೆಂದು ಕಟ್ಟಿದ ಮನೆ ಪಕ್ಷದ ಸೋಲುಗೆಲುವಿನೊಡನೆ ಉದ್ದೇಶವನ್ನು ಬದಲಿಸಿಕೊಳ್ಳಬೇಕಾಗಿ ಬಂದುದು ಚಿಂತಿಸತಕ್ಕ ವಿಷಯ.

ಎರಡನೆಯದು ಬೆಳಗಾವಿಯದು. ಉತ್ತರ ಕರ್ನಾಟಕದ ಜನರಿಗೆ ಬೆಂಗಳೂರು ದೂರವೆಂಬ ಕೊರಗನ್ನು ಕಳೆಯುವುದಕ್ಕಾಗಿ 2006ರಲ್ಲಿ ಅಲ್ಲಿ ಮೊದಲ ಅಧಿವೇಶನವನ್ನು ನಡೆಸಿದರು. ಮುಂದೆ ನೂರಾರು ಕೋಟಿ ರೂಪಾಯಿಗಳ ವೆಚ್ಚದಲ್ಲಿ ಸುವರ್ಣ ವಿಧಾನಸೌಧವನ್ನು ಕಟ್ಟಿ, 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರಿಂದ ಉದ್ಘಾಟನೆ ಮಾಡಿಸಿದರು. ಉದ್ದೇಶವು ಶ್ಲಾಘ್ಯ. ಆದರೆ ಶಾಸನಸಭೆಯು ಅಲ್ಲಿ ಕೂಡುವುದು ಸಾಮಾನ್ಯವಾಗಿ ಚಳಿಗಾಲದ ಹತ್ತು ದಿನಗಳ ಸುಮಾರಿಗೆ. ಆ ದಿನಗಳಲ್ಲಿ ರೈತರು, ಕಾರ್ಮಿಕರು, ಶಿಕ್ಷಕರು ಹತ್ತಿರದ ಬಯಲಿನಲ್ಲಿ ಡೇರೆ ಹಾಕಿ ತಮ್ಮ ಬೇಡಿಕೆಗಳನ್ನು ಕೂಗಿ ಹೇಳುವರು; ಉಳಿದ ಕಾಲದಲ್ಲಿ ಸಭಾಂಗಣಗಳು ನಿಶ್ಶಬ್ದ. 2022ರಲ್ಲಿ ಅಲ್ಲಿ ಕೂಲಿ ಮಾಡುವ ಹೆಂಗಸೊಬ್ಬಳು ಸೌಧದ ಮುಂದೆ ಶಾವಿಗೆಯನ್ನು ಒಣಹಾಕಿದ ಚಿತ್ರವು ನಾಡಿನಲ್ಲೆಲ್ಲ ಹರಡಿ, ಮಂದಿರದ ಗೌರವಕ್ಕೆ ಕುಂದಾಯಿತೆಂದು ಹಲವರು ಆಡಿದರು. ಬಿಸಿಲು ಕಂಡಲ್ಲಿ ಶಾವಿಗೆ ಒಣಗಿಸುವುದು ಬಡವರ ಮನೆಯ ಸಹಜ ಧರ್ಮ. ಮಂದಿರದ ಗೌರವವು ಕುಂದುವುದು ಅಂಗಳದಲ್ಲಿ ಶಾವಿಗೆ ಕಂಡುದರಿಂದಲೋ, ಒಳಗೆ ಸಭೆ ಕಾಣದುದರಿಂದಲೋ ಎಂಬುದನ್ನು ವಿವೇಕಿಗಳು ತೀರ್ಮಾನಿಸಬೇಕು.

ಬೆಂಗಳೂರಿನ ಸ್ಥಿತಿಯೂ ಸಂಪೂರ್ಣ ಸಮಾಧಾನಕರವಾದುದಲ್ಲ. ಶಾಸನಸಭೆಯು ವರ್ಷಕ್ಕೆ 60 ದಿನಗಳಿಗೆ ಕಡಮೆಯಿಲ್ಲದಂತೆ ಕೂಡಬೇಕೆಂದು 2005ರಲ್ಲಿ ಸ್ವತಃ ಕರ್ನಾಟಕದ ಶಾಸನಸಭೆಯೇ ಕಾಯಿದೆ ಮಾಡಿರುವುದು. ಬಹು ವರ್ಷಗಳಲ್ಲಿ ಸದನವು ಆ ಸಂಖ್ಯೆಯನ್ನು ಮುಟ್ಟಿಲ್ಲ. ತಾನೇ ಬರೆದ ಕಟ್ಟಳೆಯನ್ನು ತಾನೇ ಮೀರುವ ಮನೆಯೊಡೆಯನು ಮಕ್ಕಳಿಗೆ ಯಾವ ಬುದ್ಧಿಯನ್ನು ಹೇಳಬಲ್ಲನು? ಪ್ರಜೆಗಳ ಧರಣಿಗಳಾದರೋ ಇತ್ತೀಚಿನ ವರ್ಷಗಳಲ್ಲಿ ಫ್ರೀಡಂ ಪಾರ್ಕಿಗೆ ಸೀಮಿತವಾಗಿವೆ. ಹಳೆಯ ಕೇಂದ್ರ ಕಾರಾಗೃಹವೇ ಆ ಉದ್ಯಾನವಾದುದು. ಇನ್ನೊಂದು ಕಡೆಯಲ್ಲಿ, 2025ರಿಂದ ರಜಾದಿನಗಳಲ್ಲಿ ಸಾರ್ವಜನಿಕರನ್ನು ಮಾರ್ಗದರ್ಶಿಯೊಡನೆ ವಿಧಾನಸೌಧದೊಳಗೆ ಕರೆದೊಯ್ದು ತೋರಿಸುವ ಏರ್ಪಾಡಾಗಿದೆ. ಇದು ಒಳ್ಳೆಯದು. ಅದಕ್ಕಿಂತಲೂ ಒಳ್ಳೆಯದು ಅಧಿವೇಶನದ ದಿನಗಳಲ್ಲಿ ಪ್ರೇಕ್ಷಕರ ಮೊಗಸಾಲೆಯಲ್ಲಿ ಕುಳಿತು, ತಮ್ಮ ಪ್ರತಿನಿಧಿಯು ಮಾತನಾಡುವುದನ್ನೋ ಮಾತನಾಡದಿರುವುದನ್ನೋ ಕಣ್ಣಾರೆ ನೋಡುವುದು.

ಈ ಸಂದರ್ಭದಲ್ಲಿ ಕಲ್ಯಾಣದ ಅನುಭವಮಂಟಪವನ್ನು ಸ್ಮರಿಸುವುದು ಸಹಜ. ಅದನ್ನು ಪ್ರಪಂಚದ ಪ್ರಥಮ ಪಾರ್ಲಿಮೆಂಟೆಂದು ಕರೆಯುವುದು ವಾಡಿಕೆಯಾಗಿದೆ. ಕಾಯಿದೆಗಳನ್ನು ಮಾಡುವುದು, ಕರಗಳನ್ನು ವಿಧಿಸುವುದು ಅದರ ಕಾರ್ಯವಾಗಿರಲಿಲ್ಲ. ಆ ಅರ್ಥದಲ್ಲಿ ಅದು ಶಾಸನಸಭೆಯಲ್ಲ. ಆದರೆ ಅಲ್ಲಮಪ್ರಭುಗಳು ಅಧ್ಯಕ್ಷಪೀಠದಲ್ಲಿದ್ದ ಆ ಗೋಷ್ಠಿಯಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಅಕ್ಕಮಹಾದೇವಿಯರಂತಹವರ ಮಾತಿಗೆ ಕಿವಿಯಿದ್ದಿತೆಂದು ಪರಂಪರೆ ನೆನೆಯುತ್ತದೆ. ಯುವತಿಯೊಬ್ಬಳು ಕಠಿಣವಾದ ಪ್ರಶ್ನೆಗಳನ್ನು ಎದುರಿಸಿ ತಲೆಯೆತ್ತಿ ಉತ್ತರ ಕೊಟ್ಟಳೆಂಬುದೇ ಆ ಸಭೆಯ ಕೀರ್ತಿ. 2021ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ನೂತನ ಅನುಭವಮಂಟಪಕ್ಕೆ ಶಂಕುಸ್ಥಾಪನೆಯಾಯಿತು. 2024ರ ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧದೊಳಗೆ ಅನುಭವಮಂಟಪದ ತೈಲಚಿತ್ರವನ್ನು ಅನಾವರಣಗೊಳಿಸಿದರು. ಹನ್ನೆರಡನೆಯ ಶತಮಾನದ ಆ ಮಂಟಪದ ಕಂಬಗಳು ಉಳಿಯಲಿಲ್ಲ. ಅಲ್ಲಿ ಆಡಿದ ಮಾತುಗಳು ಉಳಿದುವು. ಚಿತ್ರವನ್ನು ಗೋಡೆಗೆ ತೂಗುಹಾಕಿದವರು ಅದರ ಕೆಳಗೆ ಕುಳಿತು ಆಡುವ ಮಾತು ಆ ಚಿತ್ರಕ್ಕೆ ತಕ್ಕುದಾಗಿದ್ದರೆ ಬಣ್ಣವು ಸಾರ್ಥಕವಾಗುವುದು.

ಕಡೆಯದಾಗಿ ಒಂದು ಮಾತು. ಶಿರ್ವದ ಹಾದಿಯು ಮದರಾಸಿಗೆ ಹೋಗಿ, ಬೆಂಗಳೂರಿಗೆ ಹೋಗಿ, ದಿಲ್ಲಿಗೂ ಹೋಗಿ ಬಂದಿತಷ್ಟೆ. ಆದರೆ ಅತ್ಯಂತ ಹತ್ತಿರದ ಸಭೆಯೊಂದು ಊರಿನೊಳಗೆಯೇ ಇರುವುದು. 1993ರ ಕರ್ನಾಟಕ ಪಂಚಾಯತ ರಾಜ್ ಕಾಯಿದೆಯ ಪ್ರಕಾರ ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಕೂಡಬೇಕು. ಅದಕ್ಕೆ ಆರಿಸಿ ಹೋಗುವ ಅವಶ್ಯಕತೆಯಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬ ಸ್ತ್ರೀಯೂ ಪುರುಷನೂ ಅದರ ಸದಸ್ಯರು. ಚಾವಡಿಯ ಹತ್ತು ಹೆಜ್ಜೆಯ ದೂರ ಅಲ್ಲಿ ಮರಳಿ ದೊರೆತಿದೆ. ಜಗಲಿ ಅಂಗಳಗಳೆಂಬ ಭೇದ ಮಾತ್ರ ಕಾಯಿದೆಯಲ್ಲಿ ಇಲ್ಲ. ಹೀಗಿದ್ದೂ ಅನೇಕ ಊರುಗಳಲ್ಲಿ ಗ್ರಾಮಸಭೆಯ ದಿನ ಕುರ್ಚಿಗಳು ಬರಿದಾಗಿರುವುವು; ಬಂದವರು ಫಲಾನುಭವಿಗಳ ಪಟ್ಟಿಯನ್ನು ಕೇಳಿ ಎದ್ದುಹೋಗುವರು. ಸೌಧದಲ್ಲಿ ಖಾಲಿ ಪೀಠಗಳನ್ನು ಕಂಡು ನಿಟ್ಟುಸಿರಿಡುವವರು ತಮ್ಮೂರಿನ ಸಭೆಯಲ್ಲಿ ತಮ್ಮದೇ ಆಸನವನ್ನು ಖಾಲಿ ಬಿಟ್ಟಿರುವರೋ ಎಂಬುದನ್ನು ಮೊದಲು ನೋಡಿಕೊಳ್ಳುವುದು ಲೇಸು. ಅಲ್ಲಿ ಎದ್ದುನಿಂತು ಕೇಳುವುದನ್ನು ಕಲಿತ ಊರು, ದೂರದ ಮಂದಿರದಿಂದ ಉತ್ತರವನ್ನು ಪಡೆಯುವುದನ್ನೂ ಕಲಿಯುವುದು.

ಸಭೆಗಳಲ್ಲಿ ಸತ್ಯದ ಮಾತು ನೆಲಸಲಿ, ಕೇಳಿದವರಿಗೆ ಉತ್ತರ ದೊರೆಯಲಿ, ಸರ್ವರಿಗೂ ಸನ್ಮಂಗಳವುಂಟಾಗಲಿ.